ರೋಗವೇ ಆಯುಧವಾದಾಗ

ಕತ್ತಿ, ಕೋವಿ, ಬಾಂಬುಗಳು ಕಣ್ಣಿಗೆ ಕಾಣುವ ಆಯುಧಗಳು. ಅವು ಯಾರ ಮೇಲೆ ಬಿದ್ದವು ಎಂಬುದು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಆದರೆ ರೋಗಾಣುವನ್ನು ಆಯುಧವಾಗಿ ಬಳಸುವವನ ರೀತಿಯೇ ಬೇರೆ. ಅಲ್ಲಿ ಸದ್ದಿಲ್ಲ, ಹೊಗೆಯಿಲ್ಲ. ರೋಗಾಣುವು ದೇಹವನ್ನು ಹೊಕ್ಕ ದಿನ ಯಾರಿಗೂ ಏನೂ ಅನಿಸುವುದಿಲ್ಲ. ಕೆಲವು ದಿನಗಳ ಮೇಲೆ ಜ್ವರವೋ ಕೆಮ್ಮೋ ವಾಂತಿಯೋ ಕಾಣಿಸಿಕೊಳ್ಳುತ್ತದೆ. ಅಷ್ಟರೊಳಗೆ ಅದನ್ನು ಹರಡಿದವನು ಮರೆಯಾಗಿರುತ್ತಾನೆ. ರೋಗಿಗಳೂ ಬೇರೆ ಬೇರೆ ಊರುಗಳಿಗೆ ಚದುರಿಹೋಗಿರುತ್ತಾರೆ. ಜನರಲ್ಲಿ ಭೀತಿಯನ್ನು ಹುಟ್ಟಿಸುವುದಕ್ಕಾಗಿ ರೋಗಾಣುಗಳನ್ನಾಗಲಿ ಅವುಗಳ ವಿಷವನ್ನಾಗಲಿ ಬೇಕೆಂದೇ ಹರಡುವ ಈ ದುಷ್ಕೃತ್ಯಕ್ಕೆ ಜೈವಿಕ ಭಯೋತ್ಪಾದನೆ ಎಂದು ಹೆಸರು.

ಇಂತಹ ಆಲೋಚನೆ ಹೊಸದೇನೂ ಅಲ್ಲ. 1346ರಲ್ಲಿ ಕಪ್ಪು ಸಮುದ್ರದ ತೀರದ ಕಾಫಾ ಪಟ್ಟಣವನ್ನು ಮುತ್ತಿದ್ದ ಮಂಗೋಲ ಸೈನ್ಯವು ಪ್ಲೇಗಿನಿಂದ ಸತ್ತವರ ಶವಗಳನ್ನು ಕೋಟೆಯೊಳಕ್ಕೆ ಎಸೆಯಿತೆಂದು ಅಂದಿನ ಇಟಲಿಯ ಲೇಖಕನೊಬ್ಬನು ಬರೆದಿಟ್ಟಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲಿ ಕೆಲವು ರಾಷ್ಟ್ರಗಳು ಯುದ್ಧಕ್ಕಾಗಿಯೇ ರೋಗಾಣುಗಳನ್ನು ಪ್ರಯೋಗಶಾಲೆಗಳಲ್ಲಿ ಬೆಳೆಸಿದವು. ಇದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವು 1972ರಲ್ಲಿ ಸಿದ್ಧವಾಗಿ 1975ರಲ್ಲಿ ಜಾರಿಗೆ ಬಂದಿತು. ಭಾರತವೂ ಅದಕ್ಕೆ ಸಮ್ಮತಿಯಿತ್ತಿದೆ. ಆದರೆ ಒಪ್ಪಂದವು ಸರ್ಕಾರಗಳನ್ನು ಕಟ್ಟಿಹಾಕೀತೇ ಹೊರತು ಗುಟ್ಟಾಗಿ ಕೇಡು ಬಗೆಯುವ ವ್ಯಕ್ತಿಯನ್ನು ತಡೆಯಲಾರದು.

ಎರಡು ನಿದರ್ಶನಗಳನ್ನು ನೋಡೋಣ. 1984ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ದಿ ಡ್ಯಾಲ್ಸ್ ಎಂಬ ಪಟ್ಟಣದಲ್ಲಿ ಹೋಟೆಲುಗಳಲ್ಲಿ ಊಟ ಮಾಡಿದ 751 ಜನರು ವಾಂತಿಭೇದಿಯಿಂದ ನರಳಿದರು. ಅಡುಗೆಯವರ ಅಶುಚಿತ್ವವೇ ಇದಕ್ಕೆ ಕಾರಣವಿರಬೇಕೆಂದು ಆರೋಗ್ಯಾಧಿಕಾರಿಗಳು ಮೊದಲು ಭಾವಿಸಿದರು. ಸ್ಥಳೀಯ ಚುನಾವಣೆಯಲ್ಲಿ ಮತದಾರರು ಮತಗಟ್ಟೆಗೆ ಬಾರದಂತೆ ಮಾಡಲು ಒಂದು ಗುಂಪಿನವರು ಹಸಿ ತರಕಾರಿಯ ಪಾತ್ರೆಗಳಲ್ಲಿ ರೋಗಾಣುವನ್ನು ಬೆರೆಸಿದ್ದರೆಂಬ ಸತ್ಯವು ಬಯಲಾದುದು ಒಂದು ವರ್ಷದ ಅನಂತರ. 2001ರಲ್ಲಿ ಅದೇ ದೇಶದಲ್ಲಿ ಆಂಥ್ರಾಕ್ಸ್ ರೋಗಾಣುವಿನ ಪುಡಿಯನ್ನು ಅಂಚೆಯ ಲಕೋಟೆಗಳಲ್ಲಿಟ್ಟು ಕಳುಹಿಸಲಾಯಿತು. 22 ಜನರಿಗೆ ರೋಗ ತಗಲಿ ಐವರು ಮಡಿದರು. ಆಂಥ್ರಾಕ್ಸ್ ದನಕುರಿಗಳಿಗೆ ಬರುವ ರೋಗ. ನಮ್ಮ ಕುರಿಗಾರರಿಗೂ ಅದು ಅಪರಿಚಿತವಲ್ಲ. ಫ್ಲಾರಿಡಾದ ಆಸ್ಪತ್ರೆಯೊಂದರಲ್ಲಿ ರೋಗಿಯೊಬ್ಬನ ಬೆನ್ನುಹುರಿಯ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು ಸಂಶಯಪಟ್ಟು, ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿದುದರಿಂದ ಆ ಸಂಚು ಬೆಳಕಿಗೆ ಬಂದಿತು.

ಇದರಿಂದ ನಾವು ತಿಳಿಯಬೇಕಾದುದೇನು? ಶತ್ರುವು ಹರಡಿದ ರೋಗಕ್ಕೂ ತಾನಾಗಿ ಬಂದ ರೋಗಕ್ಕೂ ಮೊದಲ ದಿನ ಯಾವ ವ್ಯತ್ಯಾಸವೂ ಕಾಣದು. ಆದುದರಿಂದ ಎರಡಕ್ಕೂ ಬೇಕಾದ ಸಿದ್ಧತೆ ಒಂದೇ. ಸಾಮಾನ್ಯ ದಿನಗಳಲ್ಲಿ ಎಚ್ಚರದಿಂದಿರುವ ಆರೋಗ್ಯ ವ್ಯವಸ್ಥೆಯೇ ಆಪತ್ತಿನ ದಿನ ಕೋಟೆಯಾಗಿ ನಿಲ್ಲುತ್ತದೆ.

ಈ ಎಚ್ಚರದ ಮೊದಲ ಪಾಠವನ್ನು ನಮ್ಮ ಹಿರಿಯರು ಅನುಭವದಿಂದಲೇ ಕಲಿತಿದ್ದರು. 1898ರಲ್ಲಿ ಬೆಂಗಳೂರನ್ನು ಪ್ಲೇಗು ಕಾಡಿತು. ಆ ಮಾರಿಯ ಕಾಲದಲ್ಲಿ ಹಳ್ಳಿಗಳಲ್ಲಿ ‘ಇಲಿ ಬಿದ್ದಿದೆ’ ಎಂಬ ಒಂದು ಮಾತು ಸಾಕಾಗಿತ್ತು. ಜನರು ಮನೆಗಳನ್ನು ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರಿಗೆ ವಿಪರೀತ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಇದು ಉಣ್ಣೆಗಳ ಮೂಲಕ ಹರಡುವ ಹೊಸ ವೈರಾಣುವೆಂದು ಕಂಡುಹಿಡಿದರು. ಸತ್ತ ಇಲಿ, ಸತ್ತ ಮಂಗ ಇವೂ ಮುನ್ಸೂಚನೆಗಳೇ. ಅವನ್ನು ಗಮನಿಸುವ ಕಣ್ಣು, ಗಮನಿಸಿದುದನ್ನು ಕೇಳುವ ಕಿವಿ ಎರಡೂ ಇರಬೇಕು.

ಬಿಡಿಬಿಡಿಯಾದ ಸುದ್ದಿಗಳನ್ನು ಒಂದೆಡೆ ಕೂಡಿಸುವುದು ಎರಡನೆಯ ಕೆಲಸ. ಕಲಬುರಗಿಯ ಸ್ಟೇಶನ್ ಬಜಾರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮುಂಬಯಿ ಮತ್ತು ಚೆನ್ನೈಗಳ ನಡುವಣ ರೈಲುಮಾರ್ಗದ ಈ ಊರಿನಲ್ಲಿ ಹಗಲಿರುಳೂ ಪ್ರಯಾಣಿಕರು ಇಳಿಯುತ್ತಾರೆ, ಏರುತ್ತಾರೆ. ಅಲ್ಲಿ ಒಂದು ಸಂಜೆ ಕಲುಷಿತ ಆಹಾರವನ್ನು ಹತ್ತು ಜನರು ಉಂಡರೆಂದು ಭಾವಿಸೋಣ. ಇಬ್ಬರು ನಗರದ ಒಂದು ದವಾಖಾನೆಗೆ ಹೋಗುತ್ತಾರೆ. ಮೂವರು ಬಸ್ಸು ಹಿಡಿದು, ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರಕ್ಕೆ ಮರಳಿ, ಮರುದಿನ ಅಲ್ಲಿಯ ವೈದ್ಯರನ್ನು ಕಾಣುತ್ತಾರೆ. ಉಳಿದವರು ರೈಲಿನಲ್ಲಿ ಮುಂದೆ ಸಾಗಿರುತ್ತಾರೆ. ಒಬ್ಬೊಬ್ಬ ವೈದ್ಯರಿಗೂ ಇದು ಸಾಮಾನ್ಯ ಹೊಟ್ಟೆನೋವು. ಆದರೆ ಎಲ್ಲರ ವರದಿಗಳು ಒಂದು ಮೇಜಿನ ಮೇಲೆ ಕೂಡಿದಾಗ, ಇವರೆಲ್ಲರೂ ಒಂದೇ ಸಂಜೆ ಒಂದೇ ಕಡೆ ಉಂಡವರೆಂಬುದು ಹೊಳೆಯುತ್ತದೆ. ಈ ಕೆಲಸಕ್ಕಾಗಿಯೇ 2004ರಲ್ಲಿ ದೇಶದಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಆರಂಭವಾಯಿತು. ಆರೋಗ್ಯ ಕಾರ್ಯಕರ್ತೆಯರು, ವೈದ್ಯರು, ಪ್ರಯೋಗಶಾಲೆಗಳು ಕಳುಹಿಸುವ ವರದಿಗಳನ್ನು ಜಿಲ್ಲಾ ಘಟಕವು ಪರಿಶೀಲಿಸುತ್ತದೆ. ಜೈವಿಕ ವಿಪತ್ತುಗಳನ್ನು ಎದುರಿಸುವ ಬಗೆಯನ್ನು ಕುರಿತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2008ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು.

ಪರೀಕ್ಷೆ, ಸಂಪರ್ಕಿತರ ಶೋಧನೆ, ಪ್ರತ್ಯೇಕ ವಾಸ, ಚಿಕಿತ್ಸೆ ಇವು ಮುಂದಿನ ಹೆಜ್ಜೆಗಳು. ಇವುಗಳ ಬೆಲೆಯನ್ನು ಕಲಬುರಗಿಯು 2020ರಲ್ಲಿ ಕಣ್ಣಾರೆ ಕಂಡಿತು. ವಿದೇಶ ಪ್ರವಾಸದಿಂದ ಮರಳಿದ್ದ ಈ ಊರಿನ ವೃದ್ಧರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಕೋವಿಡ್ ಇದ್ದಿತೆಂಬುದು 12ರಂದು ಖಚಿತವಾಯಿತು. ಭಾರತದಲ್ಲಿ ಆ ರೋಗದಿಂದ ಸಂಭವಿಸಿದ ಮೊದಲ ಸಾವು ಅದು. ರೋಗವನ್ನು ಯಾರೂ ಬೇಕೆಂದು ತಂದವರಲ್ಲ. ಅದು ಪ್ರಯಾಣಿಕನ ಜೊತೆಯಲ್ಲಿ ಅವನಿಗರಿವಿಲ್ಲದೆ ಬಂದಿತ್ತು. ಪರೀಕ್ಷೆಗೆ ಮಾದರಿಯನ್ನು ದೂರದ ಬೆಂಗಳೂರಿಗೆ ಕಳುಹಿಸಬೇಕಾಗಿದ್ದಿತು. ರೋಗಿಯನ್ನು ಉಪಚರಿಸಿದ ವೈದ್ಯರೊಬ್ಬರಿಗೂ ಸೋಂಕು ತಗಲಿತು. ಅವರೊಡನೆ ಒಡನಾಡಿದವರನ್ನೆಲ್ಲ ಹುಡುಕಿ ಪ್ರತ್ಯೇಕವಾಗಿರಿಸಲಾಯಿತು. ಮುಂದೆ ಕಲಬುರಗಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಪರೀಕ್ಷಾಲಯ ಏರ್ಪಟ್ಟಿತು. ಪರೀಕ್ಷಾಲಯವು ರೋಗಿಗೆ ಎಷ್ಟು ಸಮೀಪವೋ ರೋಗದ ಓಟಕ್ಕೆ ಅಷ್ಟು ಬೇಗ ಅಡ್ಡಗಟ್ಟೆ ಬೀಳುತ್ತದೆ. ವೈದ್ಯರಿಗೂ ದಾದಿಯರಿಗೂ ಮೊದಲು ರಕ್ಷಣೆ ದೊರೆಯಬೇಕು ಎಂಬ ಎರಡು ಪಾಠಗಳನ್ನು ಆ ದಿನಗಳು ಕಲಿಸಿದವು.

ಇಂತಹ ಕ್ರಮಬದ್ಧ ಶೋಧನೆಯಿಂದ ದೊಡ್ಡ ಗೆಲುವೂ ದೊರೆತಿದೆ. ಮನೆಮನೆಗೆ ಹೋಗಿ ಸಿಡುಬಿನ ರೋಗಿಯನ್ನು ಹುಡುಕುವುದು, ಸುತ್ತಲಿನವರಿಗೆಲ್ಲ ಲಸಿಕೆ ಹಾಕುವುದು, ಸುದ್ದಿ ತಿಳಿಸಿದವರಿಗೆ ಬಹುಮಾನ ಕೊಡುವುದು ಎಂಬ ವಿಧಾನದಿಂದ 1975ರಲ್ಲಿ ಭಾರತವು ಸಿಡುಬಿನಿಂದ ಮುಕ್ತವಾಯಿತು. 1980ರಲ್ಲಿ ಜಗತ್ತೇ ಅದರಿಂದ ಬಿಡುಗಡೆ ಪಡೆಯಿತು.

ಇಷ್ಟೆಲ್ಲ ಇದ್ದರೂ ಒಂದು ಅಪಾಯ ಉಳಿಯುತ್ತದೆ. ಅದು ವದಂತಿ. ಹದಿನಾಲ್ಕನೆಯ ಶತಮಾನದಲ್ಲಿ ಯುರೋಪಿನಲ್ಲಿ ಪ್ಲೇಗು ಹಬ್ಬಿದಾಗ, ಯೆಹೂದಿಗಳು ಬಾವಿಗಳಿಗೆ ವಿಷ ಹಾಕಿದರೆಂಬ ಸುಳ್ಳು ಹರಡಿ ಸಾವಿರಾರು ನಿರಪರಾಧಿಗಳು ಕೊಲೆಯಾದರು. 2020ರಲ್ಲಿ ನಮ್ಮ ದೇಶದಲ್ಲಿಯೂ, ಒಂದು ಸಮುದಾಯದವರು ಬೇಕೆಂದೇ ರೋಗವನ್ನು ಹರಡುತ್ತಿದ್ದಾರೆಂಬ ಗಾಳಿಮಾತು ಹಬ್ಬಿದುದುಂಟು. ಬಡ ತರಕಾರಿ ಮಾರುವವರು ಅದರಿಂದ ನೊಂದರು. ರೋಗವನ್ನು ಹರಡಿದವರು ಯಾರೆಂಬುದನ್ನು ತನಿಖೆಯು ಸಾಕ್ಷ್ಯದಿಂದ ನಿರ್ಣಯಿಸಬೇಕು. ಬಜಾರದ ಮಾತು ನಿರ್ಣಯಿಸಕೂಡದು. ದೂಷಣೆಗೆ ಹೆದರಿದ ರೋಗಿಯು ತನ್ನ ರೋಗವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ರೋಗವು ಮತ್ತಷ್ಟು ಮನೆಗಳನ್ನು ಹೊಕ್ಕುತ್ತದೆ. ನೆರೆಹೊರೆಯವರು ಒಬ್ಬರನ್ನೊಬ್ಬರು ಶಂಕಿಸುವಂತಾದರೆ ಭಯೋತ್ಪಾದಕನ ಉದ್ದೇಶವು ರೋಗಾಣುವಿಲ್ಲದೆಯೇ ನೆರವೇರಿದಂತೆ. ಆದುದರಿಂದ ಅಧಿಕಾರಿಗಳು ಸತ್ಯವನ್ನು ಬೇಗನೆ, ತಿಳಿಯಾದ ಮಾತಿನಲ್ಲಿ ಹೇಳಬೇಕು. ಜನರೂ ಅದನ್ನು ತಾಳ್ಮೆಯಿಂದ ಕೇಳಬೇಕು.

ಸಾಮಾನ್ಯ ನಾಗರಿಕನು ಮಾಡಬಹುದಾದುದು ಕಡಿಮೆಯೇನಲ್ಲ. ಒಂದೇ ಕೇರಿಯಲ್ಲಿ ಹಲವರು ಒಮ್ಮೆಗೇ ಕಾಯಿಲೆ ಬಿದ್ದರೆ, ದನಕುರಿಗಳು ಕಾರಣ ತಿಳಿಯದೆ ಸತ್ತರೆ, ಆರೋಗ್ಯ ಕೇಂದ್ರಕ್ಕೋ ಪಶುವೈದ್ಯರಿಗೋ ತಿಳಿಸಬೇಕು. ಸಂಶಯಾಸ್ಪದ ಪುಡಿಯುಳ್ಳ ಪೊಟ್ಟಣವನ್ನು ಅಲುಗಾಡಿಸದೆ, ಮೂಸದೆ, ಇದ್ದಲ್ಲಿಯೇ ಬಿಟ್ಟು, ಸಾಬೂನಿನಿಂದ ಕೈ ತೊಳೆದು, 112ಕ್ಕೆ ಕರೆ ಮಾಡಬೇಕು. ವೈದ್ಯರು ಕೇಳಿದಾಗ ಎಲ್ಲಿಗೆ ಹೋಗಿದ್ದೆವು, ಏನು ತಿಂದೆವು ಎಂಬುದನ್ನು ಮರೆಮಾಚದೆ ಹೇಳಬೇಕು. ಕೇಳಿದ ಸುದ್ದಿಯನ್ನು ವಿಚಾರಿಸದೆ ಇನ್ನೊಬ್ಬರಿಗೆ ದಾಟಿಸಬಾರದು.

ಗಡಿಯನ್ನು ಕಾಯಲು ಸೈನಿಕರಿದ್ದಾರೆ. ಆದರೆ ರೋಗವು ಗಡಿಯನ್ನು ದಾಟಿ ಬಂದು ತಟ್ಟುವುದು ನಮ್ಮ ನಿಮ್ಮ ಮನೆಗಳ ಬಾಗಿಲನ್ನು. ಅಲ್ಲಿ ಕಾವಲು ನಿಲ್ಲುವವರು ಹಳ್ಳಿಯ ಆಶಾ ಕಾರ್ಯಕರ್ತೆ, ಪ್ರಯೋಗಶಾಲೆಯ ತಂತ್ರಜ್ಞ, ಸಂಶಯ ಬಂದೊಡನೆ ಮೇಲಿನವರಿಗೆ ತಿಳಿಸುವ ವೈದ್ಯ, ಸತ್ಯವನ್ನು ಹೇಳುವ ರೋಗಿ. ಇವರಲ್ಲಿ ಪರಸ್ಪರ ನಂಬಿಕೆಯಿರುವ ಊರನ್ನು ಯಾವ ಶತ್ರುವೂ ಸುಲಭವಾಗಿ ಗೆಲ್ಲಲಾರನು.