ತಲೆಗೆ ಆರು ಡಾಲರ್: ಶಾಲೆಯ ದಾಖಲೆ ಯಾರ ಸರ್ವರ್‌ನಲ್ಲಿರಬೇಕು?

2024ರ ಅಕ್ಟೋಬರಿನಲ್ಲಿ ಬೇನ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಪವರ್‌ಸ್ಕೂಲ್ ಕಂಪನಿಯನ್ನು 560 ಕೋಟಿ ಡಾಲರಿಗೆ ಕೊಂಡುಕೊಂಡಿತು. ಜಗತ್ತಿನಾದ್ಯಂತ 6 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ತನ್ನ ಸಾಫ್ಟ್‌ವೇರ್ ವ್ಯಾಪ್ತಿಯಲ್ಲಿದ್ದಾರೆ ಎಂದು ಕಂಪನಿ ಹೇಳಿಕೊಳ್ಳುತ್ತಿತ್ತು. ಭಾಗಿಸಿ ನೋಡಿದರೆ ಮಗುವೊಂದಕ್ಕೆ 93 ಡಾಲರ್. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್‌ನ 19 ವರ್ಷದ ಕಾಲೇಜು ಹುಡುಗನೊಬ್ಬ ಕದ್ದ ಪಾಸ್‌ವರ್ಡ್ ಹಿಡಿದು ಒಳಹೊಕ್ಕು 6 ಕೋಟಿ ವಿದ್ಯಾರ್ಥಿಗಳ, ಸುಮಾರು 1 ಕೋಟಿ ಶಿಕ್ಷಕರ ವಿವರ ಬಾಚಿಕೊಂಡ. ಅದನ್ನು ಬಹಿರಂಗಪಡಿಸದಿರಲು ಕೇಳಿದ್ದು ಸುಮಾರು 28.5 ಲಕ್ಷ ಡಾಲರ್. ಅದನ್ನೂ ಭಾಗಿಸಿದರೆ ಮಗುವೊಂದಕ್ಕೆ 5 ಸೆಂಟ್‌ಗೂ ಕಡಿಮೆ.

ಕೊಳ್ಳುವಾಗ 93 ಡಾಲರ್, ಕದ್ದಾಗ 5 ಸೆಂಟ್. ಈ ಎರಡು ದರಗಳ ನಡುವೆ ಅಮೆರಿಕದ ಶಾಲಾ ಮಂಡಳಿಗಳು ಪ್ರತಿವರ್ಷ ಬಜೆಟ್ ಮಾಡುವಾಗ ತಲೆ ಕೆರೆದುಕೊಳ್ಳುವ ಪ್ರಶ್ನೆಯೊಂದಿದೆ. ಹಾಜರಿ, ಅಂಕ, ವೇಳಾಪಟ್ಟಿ, ಅಲರ್ಜಿ, ರಿಯಾಯಿತಿ ಊಟ, ತಂದೆತಾಯಿಯ ಫೋನ್ ನಂಬರು, ಇವೆಲ್ಲ ಇರುವ ಸಾಫ್ಟ್‌ವೇರನ್ನು ಮಾರಾಟಗಾರ ಕಂಪನಿಯ ಸರ್ವರ್‌ನಲ್ಲೇ ಬಿಡುವುದೋ, ತಮ್ಮ ಕಚೇರಿಯ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದೋ? ಎಡಿಸನ್, ಫ್ರೀಮಾಂಟ್, ಪ್ಲೇನೋಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳವರೂ ಮಕ್ಕಳ ಅಂಕ ನೋಡಲು ಇಂಥದ್ದೊಂದು ಆ್ಯಪ್ ತೆರೆಯುವವರೇ. ಪವರ್‌ಸ್ಕೂಲ್‌ಗೆ ಬೆಂಗಳೂರಿನಲ್ಲೂ ದೊಡ್ಡ ಕಚೇರಿಯಿದೆ. ಹಾಗಾಗಿ ಈ ಲೆಕ್ಕ ನಮಗೆ ಪೂರ್ತಿ ಪರದೇಶದ್ದೇನಲ್ಲ.

ಅಮೆರಿಕದ ಶಾಲಾ ಜಿಲ್ಲೆಗೂ ನಮ್ಮ ಜಿಲ್ಲೆಗೂ ಸಂಬಂಧವಿಲ್ಲ. ಹೆಚ್ಚಿನ ಕಡೆ ಅದಕ್ಕೆ ಚುನಾಯಿತ ಮಂಡಳಿಯಿರುತ್ತದೆ, ತೆರಿಗೆಯ ಪಾಲು ಇರುತ್ತದೆ, ಟೆಂಡರ್ ಕರೆಯುವ ಅಧಿಕಾರವಿರುತ್ತದೆ. ಇಂಥವು ದೇಶದಲ್ಲಿ 13 ಸಾವಿರಕ್ಕೂ ಹೆಚ್ಚಿವೆ. ಸರ್ಕಾರಿ ಶಾಲೆಗಳ ಮಕ್ಕಳು ಸುಮಾರು 4.9 ಕೋಟಿ. ಹವಾಯಿಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಜಿಲ್ಲೆ, ಟೆಕ್ಸಸ್‌ನಲ್ಲಿ ಸಾವಿರದ ಮೇಲೆ. ಹೆಚ್ಚುಕಡಿಮೆ ಅರ್ಧದಷ್ಟು ಜಿಲ್ಲೆಗಳಲ್ಲಿ ಮಕ್ಕಳ ಸಂಖ್ಯೆ ಒಂದು ಸಾವಿರವನ್ನೂ ಮುಟ್ಟುವುದಿಲ್ಲ. 25 ಸಾವಿರ ದಾಟಿದ ಜಿಲ್ಲೆಗಳು ನೂರಕ್ಕೆ ಎರಡರಷ್ಟು ಮಾತ್ರ, ಆದರೆ ದೇಶದ ಮೂರನೇ ಒಂದರಷ್ಟು ಮಕ್ಕಳು ಓದುವುದು ಅಲ್ಲೇ. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಯಂತ್ರ ಅಗ್ಗ, ಮನುಷ್ಯ ದುಬಾರಿ

ಸಾಫ್ಟ್‌ವೇರ್‌ನ ಲೈಸೆನ್ಸ್ ಹಣವನ್ನು ಸದ್ಯಕ್ಕೆ ಬದಿಗಿಡೋಣ. ಎಲ್ಲಿಟ್ಟರೂ ಅದನ್ನು ಕೊಡಲೇಬೇಕು. ಎಲ್ಲಿಡುವುದು ಎಂಬುದರ ಖರ್ಚನ್ನಷ್ಟೇ ಹೋಲಿಸೋಣ. ಕಂಪನಿ ತನ್ನ ಸರ್ವರ್‌ನಲ್ಲಿಡಲು ಮಗುವೊಂದಕ್ಕೆ ವರ್ಷಕ್ಕೆ 6 ಡಾಲರ್ ಕೇಳುತ್ತದೆ ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ದರ, ಯಾವ ಕಂಪನಿಯ ದರಪಟ್ಟಿಯೂ ಅಲ್ಲ.

ಮೊದಲು 1,000 ಮಕ್ಕಳ ಜಿಲ್ಲೆ. ಕಂಪನಿಗೆ ಕೊಡುವುದು 6,000 ಡಾಲರ್. ಸ್ವಂತಕ್ಕೆ ಮಾಡಿಕೊಂಡರೆ 12,000 ಡಾಲರಿನ ಸರ್ವರ್ ಐದು ವರ್ಷ ಬಾಳಿದರೆ ವರ್ಷಕ್ಕೆ 2,400. ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್ ಲೈಸೆನ್ಸ್‌ಗಳಿಗೆ 3,000. ಬ್ಯಾಕಪ್ಪಿಗೆ 2,000. ಕರೆಂಟು? 500 ವಾಟ್ ಎಳೆಯುವ ಯಂತ್ರ ವರ್ಷದ 8,760 ಗಂಟೆಯೂ ಓಡಿದರೆ 4,380 ಯೂನಿಟ್. ಕೊಠಡಿ ತಣ್ಣಗಿಡಲು ಅದರ ಅರ್ಧ ಸೇರಿಸಿ 6,570. ಯೂನಿಟ್ಟಿಗೆ 13 ಸೆಂಟ್ ಹಿಡಿದರೂ 850 ಡಾಲರ್ ಆಸುಪಾಸು. ಇಲ್ಲಿಯವರೆಗೆ ಒಟ್ಟು 8,250. ಕಂಪನಿಯ ಬೆಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇನ್ನು ಅದನ್ನು ನೋಡಿಕೊಳ್ಳುವವರ ಸಂಬಳ. ಅಮೆರಿಕದ ಕಾರ್ಮಿಕ ಇಲಾಖೆಯ ಅಂಕಿಅಂಶದ ಪ್ರಕಾರ 2024ರಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಹುದ್ದೆಯ ಮಧ್ಯಮ ಸಂಬಳ 96,800 ಡಾಲರ್. ವಿಮೆ, ಪಿಂಚಣಿಗೆಂದು ಶೇ 30 ಸೇರಿಸಿದರೆ 1,25,840. ಪ್ಯಾಚ್ ಹಾಕುವುದು, ಬ್ಯಾಕಪ್ ಪರೀಕ್ಷಿಸುವುದು, ಲಾಗ್ ನೋಡುವುದು ಎಂದು ಆತನ ಕಾಲು ಭಾಗದ ಸಮಯ ಹೋಗುತ್ತದೆ ಎಂದುಕೊಂಡರೂ 31,460 ಡಾಲರ್. ಒಟ್ಟು 39,710, ಮಗುವಿಗೆ ಸುಮಾರು 40. ಕಂಪನಿಯ ದರದ ಆರೂವರೆ ಪಾಲು! ಅದರಲ್ಲಿ ಶೇ 79ರಷ್ಟು ಸಂಬಳವೇ. ಸಣ್ಣ ಜಿಲ್ಲೆಗಳಲ್ಲಿ ಈ ಕೆಲಸ ಎಷ್ಟೋ ಸಲ ಗಣಿತದ ಮೇಷ್ಟರ ಹೆಗಲಿಗೇ ಬೀಳುತ್ತದೆ. ಆಗ ಸಂಬಳ ಉಳಿದಂತೆ ಕಾಣುತ್ತದೆ, ಪ್ಯಾಚ್ ಹಾಕುವವರು ಇರುವುದಿಲ್ಲ.

10,000 ಮಕ್ಕಳ ಜಿಲ್ಲೆಯಲ್ಲಿ ಚಿತ್ರ ಬದಲಾಗುತ್ತದೆ. ಯಂತ್ರಕ್ಕೆ 6,000, ಲೈಸೆನ್ಸ್‌ಗೆ 8,000, ಬ್ಯಾಕಪ್ಪಿಗೆ 6,000, ಕರೆಂಟಿಗೆ 2,000, ಅರ್ಧ ಸಂಬಳ 62,920. ಕೂಡಿದರೆ 84,920, ಅಂದರೆ ತಲೆಗೆ 8.50. ಕಂಪನಿಗಾದರೆ 60,000. ಇನ್ನು 50,000 ಮಕ್ಕಳಿದ್ದರೆ ಯಂತ್ರಕ್ಕೆ 20,000, ಲೈಸೆನ್ಸ್‌ಗೆ 30,000, ಬ್ಯಾಕಪ್ಪಿಗೆ 20,000, ಕರೆಂಟಿಗೆ 6,000, ಒಂದೂವರೆ ಸಂಬಳ 1,88,760. ಎಲ್ಲ ಸೇರಿ 2,64,760. ತಲೆಗೆ 5.30. ಕಂಪನಿಗೆ ಕೊಡಬೇಕಾದ್ದು 3 ಲಕ್ಷ. ಇಲ್ಲಿ ಸ್ವಂತವೇ ಅಗ್ಗ.

ಎರಡೂ ಸಮವಾಗುವುದು 26,500 ಮಕ್ಕಳ ಹತ್ತಿರ. ಮೇಲೆ ಹೇಳಿದ ನೂರಕ್ಕೆ ಎರಡರ ಗೆರೆಯೂ ಹೆಚ್ಚುಕಡಿಮೆ ಅಲ್ಲೇ ಇದೆ. ಅಂದರೆ ಹಣದ ಮಾತೊಂದನ್ನೇ ಹಿಡಿದರೆ ನೂರರಲ್ಲಿ 98 ಜಿಲ್ಲೆಗಳಿಗೆ ಕಂಪನಿಯ ಸರ್ವರೇ ಸರಿ. ಆದರೆ ದೇಶದ ಮೂರನೇ ಒಂದರಷ್ಟು ಮಕ್ಕಳ ಮಟ್ಟಿಗೆ ಅದು ತಪ್ಪಿರಬಹುದು.

ಈ ಗೆರೆ ನಿಂತಲ್ಲಿ ನಿಲ್ಲುವುದೂ ಇಲ್ಲ. ಕಂಪನಿ ವರ್ಷಕ್ಕೆ ಶೇ 5 ಏರಿಸುತ್ತದೆ, ಸ್ವಂತ ಖರ್ಚು ಶೇ 3 ಏರುತ್ತದೆ ಎಂದಿಟ್ಟುಕೊಂಡರೆ ಐದೇ ವರ್ಷದಲ್ಲಿ ಅದು 19 ಸಾವಿರ ಮಕ್ಕಳಿಗೆ ಇಳಿಯುತ್ತದೆ. ಹಾಗಾಗಿ ಕರಾರಿನಲ್ಲಿ ಮೊದಲ ವರ್ಷದ ದರಕ್ಕಿಂತ ಏರಿಕೆಯ ಮಿತಿಯನ್ನು ಬರೆಸಿಕೊಳ್ಳುವುದೇ ಮುಖ್ಯ. ಬಹಳ ಮಂಡಳಿಗಳು ಚೌಕಾಸಿ ಮಾಡುವುದು ಮೊದಲನೆಯದರ ಮೇಲೆ ಮಾತ್ರ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಇನ್ನೊಂದು ಸಂಖ್ಯೆ ಹೇಳದಿದ್ದರೆ ಅನ್ಯಾಯ. ಅಮೆರಿಕದ ಸರ್ಕಾರಿ ಶಾಲೆಗಳು 2023ರ ಹಣಕಾಸು ವರ್ಷದಲ್ಲಿ ಮಗುವೊಂದಕ್ಕೆ ಸರಾಸರಿ 16,526 ಡಾಲರ್ ಖರ್ಚು ಮಾಡಿವೆ. ಅದರ ಮುಂದೆ 6 ಡಾಲರ್ ಹತ್ತು ಸಾವಿರಕ್ಕೆ ನಾಲ್ಕು ಪಾಲೂ ಅಲ್ಲ. ಜಗಳ ದುಡ್ಡಿಗಾಗಿಯೇ ಆಗಿದ್ದರೆ ಇಷ್ಟು ಹೊತ್ತಿಗೆ ಮುಗಿಯಬೇಕಿತ್ತು.

ಕೇಂದ್ರದ ಅನುದಾನವೂ ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿದೆ. 1996ರ ಟೆಲಿಕಾಂ ಕಾಯ್ದೆಯಿಂದ ಹುಟ್ಟಿದ ಇ-ರೇಟ್ ಯೋಜನೆ ಇಂಟರ್ನೆಟ್ ಸಂಪರ್ಕದ ಬಿಲ್ಲಿನಲ್ಲಿ ಶೇ 20ರಿಂದ 90ರವರೆಗೆ ಭರಿಸುತ್ತದೆ. ಕಟ್ಟಡದೊಳಗಿನ ಕೇಬಲ್, ವೈಫೈ, ಸ್ವಿಚ್‌ಗಳಿಗೂ ನೆರವಾಗುತ್ತದೆ. ಹಾಜರಿ ಪುಸ್ತಕ ಇಡುವ ಸರ್ವರ್‌ಗಾಗಲಿ ಅದನ್ನು ಕಾಯುವವರಿಗಾಗಲಿ ಕಾಸಿಲ್ಲ. ದಾಖಲೆ ದೂರದಲ್ಲಿದ್ದಷ್ಟೂ ಅದನ್ನು ತಲುಪುವ ದಾರಿಗೆ ಸರ್ಕಾರದ ದುಡ್ಡು ಸಿಗುತ್ತದೆ ಎಂದಾಯಿತು.

ಬೀಗ ಮುರಿದ ದಿನದ ಬಿಲ್

ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಕೌಂಟಿ ಶಾಲೆಗಳ ವ್ಯವಸ್ಥೆಯನ್ನು 2020ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ರ‍್ಯಾನ್‌ಸಮ್‌ವೇರ್ ಕೆಡವಿತು. ಕೋವಿಡ್ ಕಾಲ, ಪಾಠವೆಲ್ಲ ಆನ್‌ಲೈನ್; ಸುಮಾರು 1.15 ಲಕ್ಷ ಮಕ್ಕಳ ತರಗತಿ ಒಮ್ಮೆಗೇ ನಿಂತುಹೋಯಿತು. ಚೇತರಿಕೆಗೆ ತಗುಲಿದ್ದು ಸುಮಾರು 97 ಲಕ್ಷ ಡಾಲರ್ ಎಂದು ಅಲ್ಲಿನ ಇನ್‌ಸ್ಪೆಕ್ಟರ್ ಜನರಲ್ 2023ರಲ್ಲಿ ವರದಿ ಕೊಟ್ಟರು. ಮಗುವಿಗೆ 84 ಡಾಲರ್. ನಮ್ಮ 6 ಡಾಲರಿನ ದರದಲ್ಲಿ ಅದು ಹದಿನಾಲ್ಕು ವರ್ಷದ ಹೋಸ್ಟಿಂಗ್ ಬಿಲ್ಲು. 50 ಸಾವಿರ ಮಕ್ಕಳಿದ್ದರೆ ತಲೆಗೆ 70 ಸೆಂಟ್ ಉಳಿಯುತ್ತದೆ ಎಂದೆನಲ್ಲ, ಆ ಉಳಿತಾಯದಿಂದ ಇಂಥ ಒಂದು ಪೆಟ್ಟಿನ ಸಾಲ ತೀರಿಸಲು 120 ವರ್ಷ ಬೇಕು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2022ರ ವರದಿಯ ಪ್ರಕಾರ ಇಂಥ ದಾಳಿಗಳಿಂದ ಪಾಠ ನಷ್ಟವಾದದ್ದು 3 ದಿನದಿಂದ 3 ವಾರ, ಪೂರ್ತಿ ಚೇತರಿಕೆಗೆ ಹಿಡಿದದ್ದು 2ರಿಂದ 9 ತಿಂಗಳು.

ಹಾಗಾದರೆ ಕಂಪನಿಯ ಕೈಗೆ ಕೊಟ್ಟು ನೆಮ್ಮದಿಯಾಗಿರೋಣವೆ? 2022ರ ಜನವರಿಯಲ್ಲಿ ಇಲ್ಯುಮಿನೇಟ್ ಎಜುಕೇಷನ್ ಕಂಪನಿಯ ವ್ಯವಸ್ಥೆ ಕುಸಿದಾಗ ನ್ಯೂಯಾರ್ಕ್ ನಗರವೊಂದರಲ್ಲೇ ಸುಮಾರು 8.2 ಲಕ್ಷ ಹಾಲಿ ಮತ್ತು ಮಾಜಿ ವಿದ್ಯಾರ್ಥಿಗಳ ವಿವರ ಹೊರಬಿತ್ತು. ಶಿಕಾಗೋದಲ್ಲಿ ಬೇರೊಂದು ಮಾರಾಟಗಾರ ಸಂಸ್ಥೆಯ ಸರ್ವರ್‌ನಿಂದ 4.95 ಲಕ್ಷ ಮಕ್ಕಳದ್ದು ಹೋದದ್ದೂ ಅದೇ ವರ್ಷ ಬಯಲಾಯಿತು. ಜಿಲ್ಲೆಯ ಸರ್ವರ್ ಒಡೆದರೆ ಒಂದು ಜಿಲ್ಲೆ ಮುಳುಗುತ್ತದೆ. ಕಂಪನಿಯದು ಒಡೆದರೆ ಸಾವಿರಾರು.

ಪವರ್‌ಸ್ಕೂಲ್ ಪ್ರಕರಣದಲ್ಲಿ ಆದದ್ದು ಇನ್ನೂ ವಿಚಿತ್ರ. ಕಂಪನಿಯ ಸರ್ವರ್‌ನಲ್ಲಿದ್ದವರ ದಾಖಲೆ ಹೋಯಿತು. ತಮ್ಮದೇ ಕಚೇರಿಯ ಸರ್ವರ್‌ನಲ್ಲಿ ಇಟ್ಟುಕೊಂಡಿದ್ದ ಎಷ್ಟೋ ಜಿಲ್ಲೆಗಳದ್ದೂ ಹೋಯಿತು! ಕಳ್ಳ ನುಗ್ಗಿದ್ದು ಕಂಪನಿಯ ಸಹಾಯ ವಿಭಾಗದ ಪೋರ್ಟಲ್ ಮೂಲಕ. ರಿಪೇರಿಗೆಂದು ದೂರದಿಂದಲೇ ಗಿರಾಕಿಯ ಸರ್ವರ್ ಒಳಗೆ ಹೋಗುವ ದಾರಿ ಅದಕ್ಕಿತ್ತು, ಬಹಳ ಕಡೆ ಆ ದಾರಿ ಸದಾ ತೆರೆದೇ ಇರುತ್ತಿತ್ತು. ಅದನ್ನು ಮುಚ್ಚಿಟ್ಟಿದ್ದ ಜಿಲ್ಲೆಗಳು ಬಚಾವಾದವು. ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ಬದಲಾವಣೆ, ಖರ್ಚು ಸೊನ್ನೆ. ಸ್ವಂತ ಮನೆ ಕಟ್ಟಿ ಬೀಗದ ಇನ್ನೊಂದು ಕೈಯನ್ನು ಗಾರೆಯವನ ಹತ್ತಿರವೇ ಬಿಟ್ಟ ಹಾಗೆ. ಸರ್ವರ್ ಎಲ್ಲಿದೆ ಎಂದು ಕೇಳುವ ಮಂಡಳಿಗಳು ಅದರೊಳಗೆ ಯಾರು ಯಾರು, ಯಾರನ್ನೂ ಕೇಳದೆ ಹೋಗಬಲ್ಲರು ಎಂದೂ ಕೇಳಬೇಕಿತ್ತು.

ಕಳುವಾದ 6 ಕೋಟಿ ದೇಶದ ಸರ್ಕಾರಿ ಶಾಲಾ ಮಕ್ಕಳ ಒಟ್ಟು ಸಂಖ್ಯೆಗಿಂತಲೂ ದೊಡ್ಡದು. ಅದರಲ್ಲಿ ಕೆನಡಾದವರೂ ಇದ್ದಾರೆ, ಎಂದೋ ಓದು ಮುಗಿಸಿದವರೂ ಇದ್ದಾರೆ. ಟೊರಾಂಟೊ ಜಿಲ್ಲಾ ಮಂಡಳಿಯ ದಾಖಲೆಗಳು 1985ರವರೆಗೆ ಹಿಂದಕ್ಕೆ ಹೋಗುತ್ತವೆ. ಅವತ್ತು ಒಂದನೇ ತರಗತಿಗೆ ಸೇರಿದವರಿಗೆ ಈಗ ನಲವತ್ತೈದು ದಾಟಿದೆ. ಹಳೆಯ ದಾಖಲೆ ಉಳಿಸಿಕೊಳ್ಳಲು ಖರ್ಚಿಲ್ಲ, ಅಳಿಸಲು ಯಾರಾದರೂ ಕೂತು ತೀರ್ಮಾನ ಮಾಡಬೇಕು, ಹಾಗಾಗಿ ಯಾರೂ ಅಳಿಸುವುದಿಲ್ಲ. ಇವನ್ನೆಲ್ಲ ಕದ್ದ ಹುಡುಗನಿಗೆ 2025ರ ಅಕ್ಟೋಬರಿನಲ್ಲಿ ನಾಲ್ಕು ವರ್ಷ ಜೈಲು, ಸುಮಾರು 1.4 ಕೋಟಿ ಡಾಲರ್ ಪರಿಹಾರದ ಆದೇಶವಾಯಿತು. ತಲೆಗೆ 23 ಸೆಂಟ್.

ಯಾರ ಕೈಯಲ್ಲೂ ಪೂರ್ತಿ ಇಲ್ಲ

ಸಾಫ್ಟ್‌ವೇರನ್ನೂ ತಾವೇ ಬರೆದುಕೊಳ್ಳಲು ಹೊರಟವರ ಪಾಡನ್ನು ಲಾಸ್ ಏಂಜಲೀಸ್ ನೋಡಿದೆ. 2014ರ ಆಗಸ್ಟಿನಲ್ಲಿ ಅಲ್ಲಿ ಚಾಲೂ ಮಾಡಿದ 'ಮಿಸಿಸ್' ಎಂಬ ವ್ಯವಸ್ಥೆ ಮೊದಲ ವಾರದಿಂದಲೇ ಎಡವಿತು. ಮಕ್ಕಳಿಗೆ ವೇಳಾಪಟ್ಟಿಯೇ ಸಿಗದೆ ಒಂದು ಹೈಸ್ಕೂಲಿನ ವಿಷಯ ಕೋರ್ಟಿಗೆ ಹೋಯಿತು, ಅಕ್ಟೋಬರಿನಲ್ಲಿ ಸೂಪರಿಂಟೆಂಡೆಂಟ್ ರಾಜೀನಾಮೆ ಕೊಟ್ಟರು. ಖರ್ಚು 13 ಕೋಟಿ ಡಾಲರ್ ದಾಟಿತು. ಸುಮಾರು ಆರೂವರೆ ಲಕ್ಷ ಮಕ್ಕಳಿಗೆ ಹಂಚಿದರೆ ತಲೆಗೆ 200.

ಸ್ವಂತ ಸರ್ವರ್ ಇಟ್ಟವರೂ ಪೂರ್ತಿ ಸ್ವತಂತ್ರರಲ್ಲ. ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರಿನಲ್ಲಿ ಸರ್ವರ್ ಸಾಫ್ಟ್‌ವೇರ್ ಮಾರುವ ವಿಎಂವೇರ್ ಕಂಪನಿಯನ್ನು ಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಚಂದಾ ಪದ್ಧತಿ ತಂದಾಗ ಅನೇಕ ಶಾಲೆಗಳ ಲೈಸೆನ್ಸ್ ಲೆಕ್ಕ ತಲೆಕೆಳಗಾಯಿತು. ಉಚಿತವಾದದ್ದಕ್ಕೂ ಖಾತ್ರಿಯಿಲ್ಲ. ಶಾಲೆಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿದ್ದ ಗೂಗಲ್, 2021ರಲ್ಲಿ ಮನಸ್ಸು ಬದಲಿಸಿ ಇಡೀ ಸಂಸ್ಥೆಗೆ 100 ಟೆರಾಬೈಟ್ ಎಂದಿತು. ಸಾವಿರ ಮಕ್ಕಳಿದ್ದಲ್ಲಿ ಒಬ್ಬರಿಗೆ 100 ಗಿಗಾಬೈಟ್, 50 ಸಾವಿರ ಇದ್ದಲ್ಲಿ ಎರಡೇ. ದೊಡ್ಡ ಜಿಲ್ಲೆಗೆ ಕಂಪನಿಯ ಆಸರೆ ದುಬಾರಿಯಾಗುವುದು ಹೀಗೂ ಉಂಟು.

ಸೇವೆ ನಿಲ್ಲುವ ಭಯಕ್ಕೆ ನಾನು ಅಷ್ಟು ತೂಕ ಕೊಡುವುದಿಲ್ಲ. ಶೇ 99.9 ಖಾತ್ರಿ ಎಂದರೆ ವರ್ಷಕ್ಕೆ ಎಂಟು ಮುಕ್ಕಾಲು ಗಂಟೆಯ ನಿಲುಗಡೆ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡ್ ಕೈಕೊಟ್ಟಾಗ ಶಾಲೆಗಳು ಬಳಸುವ ಆನ್‌ಲೈನ್ ಪಾಠದ ವೇದಿಕೆ ಕ್ಯಾನ್ವಾಸ್ ಒಂದೇ ದಿನದಲ್ಲಿ ಅಷ್ಟೂ ಪಾಲನ್ನು ತಿಂದುಹಾಕಿತು. ಮಕ್ಕಳು ಪುಸ್ತಕ ತೆರೆದರು. ಕಳುವಾದ ಜನ್ಮದಿನಾಂಕಕ್ಕೆ ಅಂಥ ಪರ್ಯಾಯವಿಲ್ಲ.

ಮೂರನೆಯ ದಾರಿಯೊಂದು ನ್ಯೂಯಾರ್ಕ್ ರಾಜ್ಯದಲ್ಲಿ 1948ರ ಕಾಯ್ದೆಯಿಂದಲೇ ಇದೆ. ಅಕ್ಕಪಕ್ಕದ ಶಾಲಾ ಜಿಲ್ಲೆಗಳು ಸೇರಿ ನಡೆಸುವ 37 ಸಹಕಾರಿ ಮಂಡಳಿಗಳು, ಅವುಗಳ ಆಶ್ರಯದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ 12 ಪ್ರಾದೇಶಿಕ ಕೇಂದ್ರಗಳು. ಟೆಕ್ಸಸ್‌ನಲ್ಲೂ ಇಂಥ 20 ಸೇವಾ ಕೇಂದ್ರಗಳಿವೆ. ನಮ್ಮ ಲೆಕ್ಕವನ್ನೇ ಇಲ್ಲಿಗೆ ತನ್ನಿ: ತಲಾ 1,000 ಮಕ್ಕಳ ಹತ್ತು ಜಿಲ್ಲೆಗಳು ಒಂದು ಸರ್ವರ್ ಕೊಠಡಿ, ಅರ್ಧ ಅಡ್ಮಿನಿಸ್ಟ್ರೇಟರನ್ನು ಹಂಚಿಕೊಂಡರೆ ಒಂದೊಂದರ ಪಾಲಿಗೆ ಬರುವುದು ಸುಮಾರು 8,500 ಡಾಲರ್. ಒಂಟಿಯಾಗಿ ಮಾಡಿದ್ದರೆ 39,710. ಕಂಪನಿಗೆ ಕೊಟ್ಟಿದ್ದರೆ 6,000. ಸಣ್ಣ ಜಿಲ್ಲೆಯೊಂದು ವರ್ಷಕ್ಕೆ 2,500 ಡಾಲರ್ ಹೆಚ್ಚು ತೆತ್ತು ರಿಮೋಟ್ ದಾರಿ ಯಾವಾಗ ತೆರೆಯಬೇಕು, ಹಳೆಯ ದಾಖಲೆ ಯಾವ ವರ್ಷಕ್ಕೆ ಅಳಿಸಬೇಕು ಎಂಬ ಎರಡು ತೀರ್ಮಾನಗಳನ್ನು ನೆರೆಯೂರಿನ ಕಚೇರಿಯಲ್ಲಿ ಉಳಿಸಿಕೊಳ್ಳಬಹುದು. ಈ 2,500 ಡಾಲರನ್ನು ಯಾವ ಲೆಕ್ಕದ ತಲೆಬರಹದಡಿ ತೋರಿಸುವುದು ಎಂಬುದೊಂದೇ ತೊಡಕು. ಬಜೆಟ್ಟಿನಲ್ಲಿ ಇದಕ್ಕೆಂದು ಒಂದು ಸಾಲು ಸೇರಿಸಿದರೆ ಅದೂ ಮುಗಿಯುತ್ತದೆ.