ಪಿಕಪ್ ಗಾಡಿಯ ಹಿಂದಿನ ಬ್ರೇಕು



ಹಿಂದೆ ಹೊಲದ ಬೆಳೆ ಸಂತೆ ಸೇರಬೇಕಾದರೆ ಎತ್ತಿನ ಗಾಡಿಯೇ ಗತಿಯಾಗಿತ್ತು. ಈಗ ಊರೂರಿಗೂ ಪಿಕಪ್ ಗಾಡಿ ಬಂದಿದೆ. ಕೋಲಾರದ ಕಡೆಯ ಟೊಮೇಟೊ, ಮಲೆನಾಡಿನ ಅಡಿಕೆ, ಶುಂಠಿ, ಚಿತ್ರದುರ್ಗದ ಕಡೆಯ ಈರುಳ್ಳಿ, ಎಲ್ಲಕ್ಕೂ ಅದೇ ಬೇಕು. ಎತ್ತಿನ ಕಾಲಿಗೆ ಲಾಳ ಹೊಡೆಸುವುದನ್ನು ಯಾರೂ ಮರೆಯುತ್ತಿರಲಿಲ್ಲ. ಆದರೆ ಈ ಗಾಡಿಯ ಹಿಂದಿನ ಬ್ರೇಕನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ಅದು ಡ್ರಮ್ಮಿನ ಒಳಗೆ ಮುಚ್ಚಿಕೊಂಡು ಕೂತಿದೆ. ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ನೆನಪಿಗೂ ಬರುವುದಿಲ್ಲ.

“ಬ್ರೇಕು ಹಿಡೀತದಲ್ಲ, ಸುಮ್ನೆ ಯಾಕೆ ಬಿಚ್ಚಬೇಕು?” ಅಂತ ನೀವು ಕೇಳಬಹುದು. ಇಲ್ಲೇ ಮೋಸವಿರುವುದು. ಖಾಲಿ ಗಾಡಿಯನ್ನು ನಿಲ್ಲಿಸುವಾಗ ಬಹುಪಾಲು ಕೆಲಸ ಮುಂದಿನ ಬ್ರೇಕಿನದು. ಹಿಂದಿನದು ಅರ್ಧ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಸರಕು ತುಂಬಿದಾಗ ಭಾರ ಹಿಂದಿನ ಅಚ್ಚಿನ ಮೇಲೆ ಕೂರುತ್ತದೆ. ಆಗ ಹಿಂದಿನ ಬ್ರೇಕೂ ಗಟ್ಟಿಯಾಗಿ ದುಡಿಯಬೇಕು. ಅದರ ದೋಷ ತಿಳಿಯುವುದು ಆಗಲೇ. ಅದೂ ಇಳಿಜಾರಿನಲ್ಲಿ, ತುಂಬಿದ ಗಾಡಿಯಲ್ಲಿ. ಅಲ್ಲಿಯ ತನಕ ಕಾಯುವುದು ಬೇಡ. ಗಾಡಿ ಕೊಡುವ ಗುರುತುಗಳನ್ನು ಮೊದಲೇ ತಿಳಿದುಕೊಳ್ಳೋಣ.

ಒಳಗೆ ಏನಿದೆ?

ಎತ್ತಿನ ಗಾಡಿ ಇಳಿಜಾರಿನಲ್ಲಿ ಇಳಿಯುವಾಗ ಚಕ್ರದ ಹೊರಪಟ್ಟಿಗೆ ಮರದ ತುಂಡನ್ನು ಒತ್ತಿ ಹಿಡಿಸುತ್ತಿದ್ದುದನ್ನು ಹಿರಿಯರು ನೋಡಿದ್ದೀರಿ. ಇದೂ ಅದೇ ಉಪಾಯ. ಆದರೆ ಒತ್ತುವುದು ಒಳಗಿನಿಂದ. ಚಕ್ರದ ಜೊತೆ ತಿರುಗುವ ಕಬ್ಬಿಣದ ಬೋಗುಣಿಯೇ ಡ್ರಮ್ಮು. ಅದರೊಳಗೆ ಅರ್ಧಚಂದ್ರದಂಥ ಎರಡು ಶೂಗಳು. ಶೂ ಮೇಲೆ ಉಜ್ಜಿ ಸವೆಯುವ ಲೈನಿಂಗ್. ನೀವು ಪೆಡಲ್ ತುಳಿದಾಗ ಬ್ರೇಕ್ ಎಣ್ಣೆ ಕೊಳವೆಯಲ್ಲಿ ಒತ್ತಡ ತಂದು ವೀಲ್ ಸಿಲಿಂಡರಿನ ಪಿಸ್ಟನ್ನುಗಳನ್ನು ಹೊರಗೆ ನೂಕುತ್ತದೆ. ಅವು ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಕಾಲು ತೆಗೆದರೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆಯುತ್ತವೆ. ಲೈನಿಂಗ್ ಸವೆದಂತೆ ಬೆಳೆಯುವ ಸಂದನ್ನು ಕಡಿಮೆ ಮಾಡಲು ಹಲ್ಲಿನ ಚಕ್ರವುಳ್ಳ ಒಂದು ಅಡ್ಜಸ್ಟರ್ ಇದೆ. ಹ್ಯಾಂಡ್ ಬ್ರೇಕಿನ ಕೇಬಲ್ಲು ಎಳೆಯುವುದೂ ಸಾಮಾನ್ಯವಾಗಿ ಇದೇ ಶೂಗಳನ್ನು.

ಗಾಡಿ ಹೇಳುವ ಗುರುತುಗಳು

ಪೆಡಲ್ ಬಹಳ ಕೆಳಗೆ ಹೋಗಿ, ಎರಡನೆಯ ಸಲ ತುಳಿದಾಗ ಮೇಲೆ ಬಂದರೆ ಶೂಗೂ ಡ್ರಮ್ಮಿಗೂ ಸಂದು ಹೆಚ್ಚಾಗಿರುವ ಸಂಭವ ಹೆಚ್ಚು. ಲೈನಿಂಗ್ ಸವೆದಿದೆ, ಇಲ್ಲವೆ ಅಡ್ಜಸ್ಟರ್ ತುಕ್ಕು ಹಿಡಿದು ನಿಂತಿದೆ.

ಪೆಡಲ್ ಮೆತ್ತಗೆ, ಗಾಳಿ ತುಂಬಿದ ಚೆಂಡಿನ ಹಾಗೆ ಇದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ.

ಒಂದೇ ಸಮ ತುಳಿದು ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ಎಣ್ಣೆ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಕೆಟ್ಟಿದೆ. ಇಂಥ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಒಂದು ಟ್ರಿಪ್ಪು ಹೊಡೆದು ಬಂದು ನೋಡೋಣ ಅನ್ನಬೇಡಿ.

ಒಂದು ಚಕ್ರ ಮಾತ್ರ ಕಾದು ಸುಟ್ಟ ವಾಸನೆ ಬಂದರೆ ಆ ಬ್ರೇಕು ಬಿಡುತ್ತಿಲ್ಲ. ಸ್ಪ್ರಿಂಗು ಸೋತಿರಬಹುದು, ಪಿಸ್ಟನ್ ಅಂಟಿರಬಹುದು, ಹ್ಯಾಂಡ್ ಬ್ರೇಕಿನ ಕೇಬಲ್ಲು ತುಕ್ಕಿನಿಂದ ಜಾಮ್ ಆಗಿರಬಹುದು. ಡ್ರಮ್ಮನ್ನು ಮುಟ್ಟಿ ನೋಡಬೇಡಿ, ಕೈ ಸುಟ್ಟೀತು. ಅಂಗೈ ಹಿಂಭಾಗವನ್ನು ಹತ್ತಿರ ಹಿಡಿದರೆ ಸಾಕು, ಎಡಬಲದ ಬಿಸಿಯ ವ್ಯತ್ಯಾಸ ತಿಳಿಯುತ್ತದೆ.

ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಕರಕರ ಸದ್ದು ಬಂದರೆ ಲೈನಿಂಗ್ ಮುಗಿದು ರಿವೆಟ್ಟೋ ಶೂವೋ ಡ್ರಮ್ಮನ್ನೇ ಕೊರೆಯುತ್ತಿರಬಹುದು. ಮಳೆಯಲ್ಲಿ ಬ್ರೇಕು ಹಿಡಿದಾಗ ಗಾಡಿಯ ಹಿಂಭಾಗ ಒಂದು ಕಡೆಗೆ ಜಾರಿದರೆ ಒಂದು ಚಕ್ರ ಹಿಡಿಯುತ್ತಿದೆ, ಇನ್ನೊಂದು ಹಿಡಿಯುತ್ತಿಲ್ಲ ಎಂದು ಅನುಮಾನಿಸಿ. ಹಳ್ಳ ದಾಟಿದ ಕೂಡಲೆ ಬ್ರೇಕು ಕಡಿಮೆ ಹಿಡಿದರೆ ಮಾತ್ರ ಹೆದರಬೇಕಾಗಿಲ್ಲ. ನಿಧಾನವಾಗಿ ಓಡಿಸುತ್ತಾ ನಾಲ್ಕಾರು ಸಲ ಹಗುರವಾಗಿ ತುಳಿದರೆ ನೀರು ಆರುತ್ತದೆ.

ಡ್ರಮ್ಮು ಬಿಚ್ಚುವ ಮುನ್ನ

ಗಾಡಿಯನ್ನು ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ ಖಾಲಿಯಾಗಿ ನಿಲ್ಲಿಸಿ. ಡ್ರಮ್ಮು ಹೊರಬರಬೇಕಾದರೆ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಗೇರಿನಲ್ಲಿದೆಯಲ್ಲ ಅಂತ ಧೈರ್ಯ ಮಾಡಬೇಡಿ. ಹಿಂದಿನ ಒಂದು ಚಕ್ರ ನೆಲ ಬಿಟ್ಟಿತೆಂದರೆ ಅದು ಗಾಳಿಯಲ್ಲಿ ತಿರುಗುತ್ತದೆ, ನೆಲದ ಮೇಲಿನದು ಉರುಳುತ್ತದೆ. ಗೇರು ಗಾಡಿಯನ್ನು ಹಿಡಿಯಲಾರದು. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ದಿಮ್ಮಿ ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕಿ ಹಾಕಿ.

ಜಾಕಿ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಅಚ್ಚಿನ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟೇ ಕೆಲಸಕ್ಕೆ ಕೈ ಹಾಕಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಅವು ಮುನ್ಸೂಚನೆ ಇಲ್ಲದೆ ಒಡೆದುಹೋಗುತ್ತವೆ. ಮಕ್ಕಳನ್ನು ದೂರವಿಡಿ.

ಡ್ರಮ್ಮು ಬರದಿದ್ದರೆ ಸುತ್ತಿಗೆಯಿಂದ ಬಡಿಯುತ್ತಾ ಕೂರಬೇಡಿ. ಎಷ್ಟೋ ಡ್ರಮ್ಮುಗಳಲ್ಲಿ ಮರೆಯಿರುವ ಎರಡು ತೂತುಗಳಿರುತ್ತವೆ. ಸರಿಯಾದ ಬೋಲ್ಟು ಹಾಕಿ ಎರಡನ್ನೂ ಸಮನಾಗಿ ತಿರುಗಿಸಿದರೆ ಡ್ರಮ್ಮು ತಾನೇ ಹೊರಬರುತ್ತದೆ. ಒಳಗೆ ಸವೆದು ಅಂಚು ಎದ್ದಿದ್ದರೆ ಮೊದಲು ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಗೆ ಸರಿಸಬೇಕು.

ಡ್ರಮ್ಮು ಬಿಚ್ಚಿದಾಗ ಕಪ್ಪು ಧೂಳು ಕಾಣುತ್ತದೆ. ಅದನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಯುವ ಪಂಪಿನಿಂದಲೂ ಊದಬೇಡಿ. ಹಳೆಯ ಕೆಲವು ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಅದರ ನವಿರಾದ ಎಳೆ ಶ್ವಾಸಕೋಶ ಸೇರಿದರೆ ವರ್ಷಗಳಾದ ಮೇಲೆ ಕ್ಯಾನ್ಸರಿನಂಥ ರೋಗ ತಂದೀತು. ಮೂಗು ಬಾಯಿಗೆ ಮಾಸ್ಕು ಕಟ್ಟಿ, ಸೋಪಿನ ನೀರಿನಿಂದ ಧೂಳನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಒರಸಿ. ಆ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಒಗೆಯದೆ ಕವರಿನಲ್ಲಿ ಕಟ್ಟಿ ಬಿಸಾಡಿ.

ಒಳಗೆ ನೋಡಬೇಕಾದ್ದು

ಮೊದಲು ಲೈನಿಂಗ್. ರಿವೆಟ್ ಹೊಡೆದದ್ದಾದರೆ ರಿವೆಟ್ಟಿನ ತಲೆ ಮೇಲಕ್ಕೆ ಬರುವ ಮೊದಲೇ ಬದಲಿಸಬೇಕು. ಅಂಟಿಸಿದ್ದಾದರೆ ಸಾಮಾನ್ಯವಾಗಿ 1.5 ಮಿಲಿಮೀಟರ್ ಆಸುಪಾಸಿಗೆ ಬಂದರೆ ಆಯಸ್ಸು ಮುಗಿಯಿತೆಂದು ತಿಳಿಯಿರಿ. ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

ಎರಡನೆಯದು ಡ್ರಮ್ಮು. ಒಳಗೋಡೆಯ ಮೇಲೆ ಬೆರಳಾಡಿಸಿ. ಆಳವಾದ ಗೀರು, ಬಿರುಕು, ನೀಲಿಗಟ್ಟಿದ ಮಚ್ಚೆ ಇದ್ದರೆ ಮೇಸ್ತ್ರಿಗೆ ತೋರಿಸಿ. ಲೇತಿನಲ್ಲಿ ತಿರುವಿ ಸಮ ಮಾಡಬಹುದು, ಆದರೆ ಅದಕ್ಕೂ ಮಿತಿಯಿದೆ. ಎಷ್ಟು ಅಗಲದ ತನಕ ಬಳಸಬಹುದು ಎಂಬ ಅಂಕಿಯನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಒತ್ತಿರುತ್ತಾರೆ. ಅದನ್ನು ಮೀರಿದ್ದು, ಬಿರುಕು ಬಿಟ್ಟದ್ದು ಗುಜರಿಗೇ ಹೋಗಬೇಕು.

ಮೂರನೆಯದು ಸೋರಿಕೆ. ವೀಲ್ ಸಿಲಿಂಡರಿನ ಎರಡು ತುದಿಯ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ಎಣ್ಣೆ ನಿಂತಿದ್ದರೆ ಸಿಲಿಂಡರ್ ಸೋರುತ್ತಿದೆ. ಒಳಗೆಲ್ಲ ಎಣ್ಣೆಮಯವಾಗಿದ್ದರೆ ಯಾವ ಎಣ್ಣೆ ಎಂದು ತಿಳಿಯುವುದು ಹೇಗೆ? ಬಟ್ಟೆಗೆ ಸ್ವಲ್ಪ ಒರಸಿಕೊಂಡು ನೀರು ಹಾಕಿ. ನೀರಿನಲ್ಲಿ ಬೆರೆತು ಹೋದರೆ ಬ್ರೇಕ್ ಎಣ್ಣೆ. ಬೆರೆಯದೆ ಜಿಡ್ಡುಜಿಡ್ಡಾಗಿ, ಗಂಧಕದಂಥ ಘಾಟು ವಾಸನೆ ಬಂದರೆ ಅಚ್ಚಿನ ಗೇರ್ ಎಣ್ಣೆ. ಮೊದಲನೆಯದಕ್ಕೆ ವೀಲ್ ಸಿಲಿಂಡರ್, ಎರಡನೆಯದಕ್ಕೆ ಅಚ್ಚಿನ ಆಯಿಲ್ ಸೀಲ್ ಬದಲಿಸಬೇಕು. ಕಾರಣ ಸರಿಪಡಿಸದೆ ಹೊಸ ಲೈನಿಂಗ್ ಹಾಕಿದರೆ ಅದೂ ಹಾಳಾಗುತ್ತದೆ.

ಎಣ್ಣೆ ಕುಡಿದ ಲೈನಿಂಗನ್ನು ಒಲೆಯ ಮೇಲೆ ಸುಟ್ಟು, ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕುವ ರೂಢಿ ಕೆಲವು ಕಡೆ ಇದೆ. ಇದು ತಪ್ಪು. ಮೇಲೆ ಒಣಗಿದಂತೆ ಕಂಡರೂ ಒಳಗಿನ ಎಣ್ಣೆ ಬ್ರೇಕು ಕಾದಾಗ ಮೇಲೆ ಬರುತ್ತದೆ. ಬ್ರೇಕು ಕಾಯುವುದು ಯಾವಾಗ? ನಿಮಗೆ ಅದು ಅತ್ಯಂತ ಅಗತ್ಯವಾದಾಗ.

ಇನ್ನೊಂದು ಮಾತು. ಒಂದು ಚಕ್ರದ ಶೂ ಮಾತ್ರ ಹೊಸದು ಹಾಕಿ ಹಣ ಉಳಿಸಬೇಡಿ. ಎಡಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಜೋಡಿಯಲ್ಲಿ ಒಂದು ಎತ್ತು ಬಲವಾಗಿ ಇನ್ನೊಂದು ಬಡಕಲಾದರೆ ನೇಗಿಲಸಾಲು ನೆಟ್ಟಗಿರುತ್ತದೆಯೆ?

ಜೋಡಿಸುವಾಗ

ಎರಡೂ ಕಡೆಯನ್ನು ಒಟ್ಟಿಗೆ ಬಿಚ್ಚಿ ಹರಡಬೇಡಿ. ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗಿ. ಯಾವ ಸ್ಪ್ರಿಂಗು ಯಾವ ತೂತಿಗೆ ಎಂದು ಮರೆತರೆ ಬಿಚ್ಚದ ಕಡೆಯೇ ಮಾದರಿಯಾಗುತ್ತದೆ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಕೆಲವು ಗಾಡಿಗಳಲ್ಲಿ ಮುಂದಿನ ಶೂಗೂ ಹಿಂದಿನ ಶೂಗೂ ಲೈನಿಂಗಿನ ಉದ್ದ ಬೇರೆ. ಎಡದ ಅಡ್ಜಸ್ಟರಿನ ಮರೆ ಬಲದ್ದಕ್ಕೆ ತಿರುವುಮುರುವಾಗಿರುವುದೂ ಉಂಟು. ಅದಲುಬದಲಾದರೆ ಬ್ರೇಕು ಕೆಲಸ ಮಾಡುವುದಿಲ್ಲ.

ಶೂ ಒರಗುವ ತಟ್ಟೆಯ ಉಬ್ಬುಗಳಿಗೆ, ಅಡ್ಜಸ್ಟರಿನ ಮರೆಗೆ ಬಿಸಿ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ. ಲೈನಿಂಗಿಗೂ ಡ್ರಮ್ಮಿನ ಒಳಗೋಡೆಗೂ ಗ್ರೀಸು ತಗಲಬಾರದು. ಸೀಮೆಎಣ್ಣೆ, ಡೀಸೆಲ್, ಎಂಜಿನ್ ಎಣ್ಣೆ ಇವು ಬ್ರೇಕಿನ ರಬ್ಬರಿನ ಹತ್ತಿರ ಸುಳಿಯಬಾರದು. ರಬ್ಬರು ಊದಿಕೊಂಡು ಇಡೀ ಬ್ರೇಕು ಕೆಡುತ್ತದೆ.

ಡ್ರಮ್ಮು ಕೂರಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು ಕೈಯಲ್ಲಿ ತಿರುಗಿಸಿ. ಸ್ವಲ್ಪವೇ ಉಜ್ಜುವ ಸದ್ದು ಬರುವ ತನಕ ಅಡ್ಜಸ್ಟರ್ ಬಿಗಿ ಮಾಡಿ, ಆಮೇಲೆ ಡ್ರಮ್ಮು ಸರಾಗ ತಿರುಗುವಷ್ಟು ಹಿಂದಕ್ಕೆ ಬಿಡಿ. ಹ್ಯಾಂಡ್ ಬ್ರೇಕಿನ ಕೇಬಲ್ಲನ್ನು ಬಿಗಿ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಶೂ ಸವೆದದ್ದಕ್ಕೆ ಕೇಬಲ್ಲು ಬಿಗಿ ಮಾಡಿದರೆ ಲಿವರು ಗಟ್ಟಿಯಾದಂತೆ ಕಾಣುತ್ತದೆ, ರೋಗ ಒಳಗೇ ಉಳಿಯುತ್ತದೆ.

ವೀಲ್ ಸಿಲಿಂಡರ್ ಬದಲಿಸಿದ್ದರೆ ಕೊಳವೆಯ ಗಾಳಿ ತೆಗೆಯಬೇಕು. ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಬಿಚ್ಚಿ ಗಾಳಿ ಬಿಡಲಿ. ನಿಪ್ಪಲ್ ಮುಚ್ಚಿದ ಮೇಲೆಯೇ ಕಾಲು ತೆಗೆಯಬೇಕು. ಗುಳ್ಳೆ ನಿಲ್ಲುವ ತನಕ ಹೀಗೆ ಮಾಡಿ. ಮೇಲಿನ ಡಬ್ಬಿಯಲ್ಲಿ ಎಣ್ಣೆ ಬತ್ತದಂತೆ ನೋಡಿಕೊಳ್ಳಿ. ಹೊರಬಂದ ಎಣ್ಣೆಯನ್ನು ಮತ್ತೆ ಸುರಿಯಬೇಡಿ.

ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಎಣ್ಣೆ ಹೊಸದಿದ್ದಾಗ ಕಡಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಎಣ್ಣೆ ಕುದಿದರೆ ಆವಿಯಾಗಿ ಪೆಡಲ್ ನೆಲ ಮುಟ್ಟುತ್ತದೆ. ಆದ್ದರಿಂದ ಪುಸ್ತಕ ಹೇಳಿದ ಜಾತಿಯ ಎಣ್ಣೆಯನ್ನು, ಬಿಗಿ ಮುಚ್ಚಳದ ಹೊಸ ಡಬ್ಬಿಯಿಂದ, ಪುಸ್ತಕ ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಬದಲಿಸಿ.

ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ; ಸ್ವಲ್ಪ ದೂರ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಗಾಡಿ ಚಾಲು ಮಾಡುವ ಮೊದಲು ಪೆಡಲನ್ನು ಹಲವು ಸಲ ತುಳಿದು ಗಟ್ಟಿಯಾಯಿತೇ ನೋಡಿ. ಮೊದಲ ಪರೀಕ್ಷೆ ಬಯಲಿನಲ್ಲಿ, ನಿಧಾನವಾಗಿ, ಖಾಲಿ ಗಾಡಿಯಲ್ಲಿ. ಆಮೇಲೆ ರಸ್ತೆ, ಆಮೇಲೆ ಸರಕು.

ಭಾರ ಮತ್ತು ಘಾಟಿ

ಕೆಲವು ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿನ ಹತ್ತಿರ ಒಂದು ವಾಲ್ವು ಇರುತ್ತದೆ. ಸರಕಿಗೆ ಗಾಡಿ ಎಷ್ಟು ತಗ್ಗಿತು ಎಂದು ನೋಡಿ ಹಿಂದಿನ ಬ್ರೇಕಿಗೆ ಅಷ್ಟೇ ಒತ್ತಡ ಬಿಡುವುದು ಅದರ ಕೆಲಸ. ಹೆಚ್ಚು ಹೊರಲಿ ಅಂತ ಸ್ಪ್ರಿಂಗಿಗೆ ಎರಡು ಪಟ್ಟಿ ಸೇರಿಸಿದಿರೋ, ಗಾಡಿ ತಗ್ಗುವುದಿಲ್ಲ. ವಾಲ್ವು ‘ಗಾಡಿ ಖಾಲಿ’ ಅಂದುಕೊಂಡು ಬ್ರೇಕಿಗೆ ಕಡಿಮೆ ಒತ್ತಡ ಕೊಡುತ್ತದೆ. ಭಾರ ಹೆಚ್ಚು, ಬ್ರೇಕು ಕಡಿಮೆ! ಪಟ್ಟಿ ಸೇರಿಸಬೇಡಿ, ಮಿತಿ ಮೀರಿ ತುಂಬಬೇಡಿ. ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಸರಕಿನ ಜಾಗದಲ್ಲಿ ನಿಲ್ಲಿಸಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕನ್ನೇ ಒತ್ತಿ ಹಿಡಿದರೆ ಡ್ರಮ್ಮು ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಕಾದ ಲೈನಿಂಗಿನ ಹಿಡಿತವೂ ಕುಂದುತ್ತದೆ. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬನ್ನಿ. ಗಾಡಿಯನ್ನು ಎಂಜಿನ್ನೇ ಹಿಡಿಯಲಿ. ಬ್ರೇಕನ್ನು ಬೇಕಾದಾಗ ತುಳಿದು ಬಿಡಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವುದು ಸಾವನ್ನು ಕರೆದಂತೆ.

ಇಷ್ಟರಲ್ಲಿ ನಿಮ್ಮ ಕೆಲಸ ಯಾವುದು, ಮೇಸ್ತ್ರಿಯ ಕೆಲಸ ಯಾವುದು? ವಾರಕ್ಕೊಮ್ಮೆ ಎಣ್ಣೆಯ ಮಟ್ಟ ನೋಡುವುದು, ಚಕ್ರದ ಒಳಬದಿ ಒದ್ದೆಯಿದೆಯೇ ನೋಡುವುದು, ಪೆಡಲಿನ ಗುಣ ಗಮನಿಸುವುದು ನಿಮ್ಮದು. ಶೂ, ಸಿಲಿಂಡರ್, ಸೀಲ್ ಬದಲಿಸಿದ ಅನುಭವವಿಲ್ಲದಿದ್ದರೆ ಅದನ್ನು ಬಲ್ಲ ಮೇಸ್ತ್ರಿಗೇ ಬಿಡಿ. ಆದರೆ ಪಕ್ಕದಲ್ಲಿ ನಿಂತು, ಇಲ್ಲಿ ಹೇಳಿದ್ದನ್ನು ಕೇಳಿ ಮಾಡಿಸಿಕೊಳ್ಳಿ.

ಆಯುಧಪೂಜೆಗೆ ಗಾಡಿ ತೊಳೆದು, ಹೂವು ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇಡುತ್ತೀರಿ. ಅದಕ್ಕೆ ಒಂದು ವಾರ ಮೊದಲು ಹಿಂದಿನ ಎರಡು ಡ್ರಮ್ಮು ಬಿಚ್ಚಿಸಿ ನೋಡಿಸಿ. ವರ್ಷಕ್ಕೊಮ್ಮೆ ಇಷ್ಟು ಸಾಲದೆಂಬಷ್ಟು ಓಡುವ ಗಾಡಿಯಾದರೆ ಇನ್ನೂ ಬೇಗ ಬಿಚ್ಚಿಸಿ. ಸಂತೆಗೆ ಹೋದವರು ಕತ್ತಲಾಗುವ ಮುಂಚೆ ಮನೆ ಸೇರಲಿ.