ಮಿದುಳಿಗೆ ಬಿದ್ದ ಹೆಪ್ಪು

ಪಪುವಾ ನ್ಯೂಗಿನಿಯ ಬೆಟ್ಟಸೀಮೆಯಲ್ಲಿ ಫೋರೆ ಎಂಬ ಜನಾಂಗವಿದೆ. 1950ರ ದಶಕದಲ್ಲಿ ಅಲ್ಲಿನ ಹೆಂಗಸರೂ ಮಕ್ಕಳೂ ವಿಚಿತ್ರ ಕಾಯಿಲೆಯೊಂದಕ್ಕೆ ಬಲಿಯಾಗುತ್ತಿದ್ದರು. ಮೊದಲು ನಡಿಗೆ ತಪ್ಪುತ್ತಿತ್ತು, ಆಮೇಲೆ ಮೈ ನಡುಗಿ ಮಾತು ತೊದಲುತ್ತಿತ್ತು. ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ ಸಾವು. ಜನ ಇದನ್ನು ‘ಕುರು’ ಎಂದು ಕರೆದರು. ನಮ್ಮ ಕನ್ನಡದ ಕುರುವಲ್ಲ. ಅವರ ಭಾಷೆಯಲ್ಲಿ ನಡುಕ ಎಂದರ್ಥ. ಯಾರೋ ಮಾಟ ಮಾಡಿಸಿದ್ದಾರೆಂದೇ ಅವರು ನಂಬಿದ್ದರು.

1957ರಲ್ಲಿ ವೈದ್ಯರಾದ ವಿನ್ಸೆಂಟ್ ಜಿಗಾಸ್ ಮತ್ತು ಕಾರ್ಲ್‌ಟನ್ ಗೈಡುಷೆಕ್ ಈ ರೋಗವನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಸತ್ತ ಬಂಧುವಿನ ದೇಹವನ್ನು ತಿನ್ನುವುದು ಫೋರೆಗಳ ಅಂತ್ಯಸಂಸ್ಕಾರದ ಭಾಗವಾಗಿತ್ತು. ಅವರಿಗೆ ಅದು ಕ್ರೌರ್ಯವಲ್ಲ, ಮಮತೆ. ಮಿದುಳು ಹೆಚ್ಚಾಗಿ ಹೆಂಗಸರು, ಮಕ್ಕಳ ಪಾಲಿಗೆ ಬರುತ್ತಿತ್ತು. ರೋಗವೂ ಅದರೊಂದಿಗೇ ಬರುತ್ತಿತ್ತು. 1960ರ ಸುಮಾರಿಗೆ ಪದ್ಧತಿ ನಿಂತಿತು. ಆಮೇಲೆ ಹುಟ್ಟಿದವರಿಗೆ ಕುರು ತಗಲಲಿಲ್ಲ.

ಹಾಗಾದರೆ ರೋಗಾಣು ಯಾವುದು? ಬ್ಯಾಕ್ಟೀರಿಯಾ ಸಿಗಲಿಲ್ಲ, ವೈರಸ್ಸೂ ಸಿಗಲಿಲ್ಲ. ಕುರಿಗಳಿಗೆ ಬರುವ ಇಂಥದೇ ‘ಸ್ಕ್ರೇಪಿ’ ರೋಗವನ್ನು ಅಭ್ಯಸಿಸಿದ ಅಮೆರಿಕದ ಸ್ಟಾನ್ಲಿ ಪ್ರೂಸಿನರ್, 1982ರಲ್ಲಿ ಬರಿಯ ಪ್ರೊಟೀನೇ ಇದಕ್ಕೆ ಕಾರಣವೆಂದು ಹೇಳಿ, ಅದಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟರು. ಹಲವರು ನಂಬಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು.

ಪ್ರೊಟೀನ್ ಎಂದರೆ ಅಮೈನೊ ಆಮ್ಲಗಳೆಂಬ ಮಣಿಗಳ ಸರ. ಸರ ಸರಿಯಾಗಿ ಮಡಿಚಿಕೊಂಡರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಬಾಗಿದ ಬೀಗದ ಕೈ ನೋಡಿ: ಲೋಹ ಅದೇ, ತೂಕ ಅದೇ, ಬೀಗ ಮಾತ್ರ ತೆರೆಯದು. ಪ್ರಿಯಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಕ್ಕದ ಒಳ್ಳೆಯ ಪ್ರೊಟೀನನ್ನೂ ತನ್ನಂತೆಯೇ ಬಾಗಿಸುತ್ತದೆ. ಒಂದು ಚಮಚ ಹೆಪ್ಪು ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುವಂತೆ. ಆದರೆ ಹೆಪ್ಪಿನಲ್ಲಿ ಜೀವಾಣುಗಳಿವೆ. ಪ್ರಿಯಾನ್‌ಗೆ ಜೀವವೇ ಇಲ್ಲ. ಕೊನೆಗೆ ನರಕೋಶಗಳು ಸತ್ತು ಮಿದುಳು ಸ್ಪಂಜಿನಂತೆ ತೂತಾಗುತ್ತದೆ. ಚರ್ಮದ ಕೋಶ ಸತ್ತರೆ ಹೊಸದು ಹುಟ್ಟುತ್ತದೆ. ನರಕೋಶ ಸತ್ತರೆ ಆ ಜಾಗ ಬಹುಮಟ್ಟಿಗೆ ಖಾಲಿಯೇ.

ಅಜ್ಜ ಅಜ್ಜಿಯರನ್ನು ಕಾಡುವ ಆಲ್‌ಜೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಮತ್ತು ಟೌ, ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೊಟೀನ್‌ಗಳು ಹೀಗೆಯೇ ತಪ್ಪಾಗಿ ಮಡಿಚಿಕೊಂಡು ಗಂಟುಗಟ್ಟುತ್ತವೆ. ಇವುಗಳನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಆದರೆ ಭಯ ಬೇಡ: ಆರೈಕೆ ಮಾಡಿದವರಿಗೆ ಇವು ಅಂಟುವುದಿಲ್ಲ. ಅಜ್ಜಿ ಮೊಮ್ಮಗನ ಹೆಸರು ಮರೆತರೆ ಅದು ಮಾಟವಲ್ಲ, ಹಟವೂ ಅಲ್ಲ, ಕಾಯಿಲೆಯಿರಬಹುದು. ಗದರಿಸುವ ಬದಲು ವೈದ್ಯರಿಗೆ ತೋರಿಸಿ. ಮಕ್ಕಳೇ, ನಿಮ್ಮ ಹೆಸರನ್ನು ಅವರಿಗೆ ಮತ್ತೊಮ್ಮೆ ಹೇಳಿ.